ನಾಲ್ಕು ಗ್ರಾಂ ಸರಿಯಾಗಿ ತೂಗಿದರೂ 0.1 ಮೋಲಾರ್ ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ರಸಾಯನಶಾಸ್ತ್ರದ ಡಿಗ್ರಿ ವಿದ್ಯಾರ್ಥಿ. 0.1 ಮೋಲಾರ್ (ಲೀಟರಿಗೆ 0.1 ಮೋಲ್) ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಬೇಕಿತ್ತು. ಸರಿಯಾಗಿ 4.000 ಗ್ರಾಂ ಗುಳಿಗೆ ತೂಗಿ, ಒಂದು ಲೀಟರಿನ ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ನಲ್ಲಿ ಗೆರೆಯವರೆಗೆ ನೀರು ತುಂಬಿದೆ. ಅದರಲ್ಲಿ 25.00 ಮಿ.ಲೀ. ತೆಗೆದು 0.1000 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡಿದೆ. ಇಂಡಿಕೇಟರ್ ಆಗಿ, ಅಂದರೆ ಬಣ್ಣ ಬದಲಿಸಿ ಎಲ್ಲಿ ನಿಲ್ಲಿಸಬೇಕೆಂದು ತೋರಿಸುವ ವಸ್ತುವಾಗಿ, ಫಿನಾಲ್ಫ್ಥಲೀನ್ ಹಾಕಿದಾಗ 23.40 ಮಿ.ಲೀ. ಆಮ್ಲ ಹಿಡಿಯಿತು. ಮೀಥೈಲ್ ಆರೆಂಜ್ ಹಾಕಿದಾಗ 24.10. ಮೂರು ಮೂರು ಸಲ ಮಾಡಿದರೂ ಅಷ್ಟೇ. ಯಾವುದನ್ನು ನಂಬಲಿ? ಕೆಎಚ್‌ಪಿ ಎಂಬ ಆಮ್ಲೀಯ ಉಪ್ಪಿನಿಂದ ಸ್ಟ್ಯಾಂಡರ್ಡೈಸ್ ಮಾಡು, ಅಂದರೆ ನಿಜವಾದ ಸಾಂದ್ರತೆಯನ್ನು ಅಳೆದು ತಿಳಿ, ಎಂದು ಹೇಳಿದರು. ಅದನ್ನು ಮಾಡಲು ಹೋದರೆ ಎಂಡ್ ಪಾಯಿಂಟ್‌ನ (ಟೈಟ್ರೇಶನ್ ಮುಗಿಯಿತು ಎಂದು ತೋರಿಸುವ) ಗುಲಾಬಿ ಬಣ್ಣ ನೋಡನೋಡುತ್ತಲೇ ಮಾಯವಾಗುತ್ತದೆ. ಮತ್ತೆ ಹನಿ ಹಾಕಬೇಕಾ? ಮುಂದೆ ಇದೇ ದ್ರಾವಣದಿಂದ ಅಸಿಟಿಕ್ ಆಮ್ಲದ ಮಾದರಿಗಳನ್ನು ಅಳೆಯಬೇಕಿದೆ.

ಉತ್ತರ: ನಿಮ್ಮ ಎರಡೂ ಸಂಖ್ಯೆಗಳನ್ನು ನಂಬಬಹುದು. ನಂಬಬಾರದ್ದು ಒಂದೇ, ಆ 4.000 ಗ್ರಾಂ. ನೀವು ತೂಗಿದ್ದರಲ್ಲಿ ತಪ್ಪಿಲ್ಲ. ಆದರೆ ತಕ್ಕಡಿಯ ಮೇಲಿದ್ದದ್ದು ಬರೀ ಸೋಡಿಯಂ ಹೈಡ್ರಾಕ್ಸೈಡ್ ಆಗಿರಲಿಲ್ಲ. ನೀವು ಎರಡು ಇಂಡಿಕೇಟರ್ ಹಾಕಿ ನೋಡಿದ್ದು ತುಂಬಾ ಒಳ್ಳೆಯದಾಯಿತು. ಆ ಬಿಳಿ ಗುಳಿಗೆಗಳಲ್ಲಿ ಏನೇನಿತ್ತು ಅನ್ನುವುದನ್ನು ಆ ಎರಡು ಸಂಖ್ಯೆಗಳಿಂದಲೇ ಲೆಕ್ಕ ಹಾಕಿ ಹೇಳಬಹುದು.

ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯಿಂದ ಎರಡು ವಸ್ತುಗಳನ್ನು ಎಳೆದುಕೊಳ್ಳುತ್ತದೆ. ಮೊದಲನೆಯದು ನೀರಿನ ಆವಿ. ಡಬ್ಬಿಯ ಮುಚ್ಚಳ ತೆಗೆದು ಗುಳಿಗೆಗಳನ್ನು ವಾಚ್ ಗ್ಲಾಸ್ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಮೇಲ್ಮೈ ಒದ್ದೆಯಾಗಿ ಹೊಳೆಯುತ್ತದೆ. ಇನ್ನೂ ಬಿಟ್ಟರೆ ತಾವು ಎಳೆದುಕೊಂಡ ನೀರಿನಲ್ಲಿ ತಾವೇ ಕರಗಿಹೋಗುತ್ತವೆ. ತೂಗುವಾಗ ಕೊನೆಯ ಅಂಕಿ ಒಂದೇ ಸಮನೆ ಏರುತ್ತಾ ಹೋಗುವುದನ್ನು ನೀವೂ ನೋಡಿರುತ್ತೀರಿ ಅಲ್ವಾ? ಎರಡನೆಯದು ಕಾರ್ಬನ್ ಡೈಆಕ್ಸೈಡ್. ಅದರ ಜೊತೆ ಸೇರಿ ಗುಳಿಗೆಯ ಮೈಮೇಲೆ ಸೋಡಿಯಂ ಕಾರ್ಬೊನೇಟ್‌ನ ಪದರ ಬೆಳೆಯುತ್ತದೆ. ಹೊಸ ಡಬ್ಬಿಯ ಲೇಬಲ್ ನೋಡಿ. ಅಲ್ಲೂ ಸಾಮಾನ್ಯವಾಗಿ 97 ಅಥವಾ 98 ಪ್ರತಿಶತ ಅಂತಲೇ ಇರುತ್ತದೆ. ಹೀಗಾಗಿ ಎಷ್ಟು ಒಳ್ಳೆಯ ತಕ್ಕಡಿ ಇದ್ದರೂ ಇದನ್ನು ತೂಗಿ ನಿಖರ ದ್ರಾವಣ ಮಾಡಲು ಆಗುವುದಿಲ್ಲ.

ಈಗ ನಿಮ್ಮ ಸಂಖ್ಯೆಗಳಿಗೆ ಬರೋಣ. ಒಂದು ಕಾರ್ಬನ್ ಡೈಆಕ್ಸೈಡ್ ಅಣು ಎರಡು ಹೈಡ್ರಾಕ್ಸೈಡ್‌ಗಳನ್ನು ನುಂಗಿ ಒಂದು ಕಾರ್ಬೊನೇಟ್ ಆಗುತ್ತದೆ. ಆ ಕಾರ್ಬೊನೇಟ್ ಕೂಡ ಕ್ಷಾರವೇ. ಅದೂ ಆಮ್ಲದಿಂದ ಎರಡು ಪ್ರೋಟಾನ್ ತೆಗೆದುಕೊಳ್ಳುತ್ತದೆ, ಆದರೆ ಎರಡು ಮೆಟ್ಟಿಲುಗಳಲ್ಲಿ. ಮೊದಲ ಪ್ರೋಟಾನ್ ಸಿಕ್ಕಾಗ ಬೈಕಾರ್ಬೊನೇಟ್ ಆಗುತ್ತದೆ. ಆಗ ಪಿಎಚ್ ಸುಮಾರು 8.3. ಫಿನಾಲ್ಫ್ಥಲೀನ್ ಬಣ್ಣ ಕಳೆದುಕೊಳ್ಳುವುದು ಅಲ್ಲೇ. ಎರಡನೆಯ ಪ್ರೋಟಾನ್ ಸಿಗುವುದು ಪಿಎಚ್ 4ರ ಹತ್ತಿರಕ್ಕೆ ಇಳಿದಾಗ. ಮೀಥೈಲ್ ಆರೆಂಜ್ ಬದಲಾಗುವುದು 3.1ರಿಂದ 4.4ರ ನಡುವೆ, ಅಂದರೆ ಎರಡೂ ಮೆಟ್ಟಿಲು ಇಳಿದ ಮೇಲೆ. ಆದ್ದರಿಂದ ಮೀಥೈಲ್ ಆರೆಂಜ್ ಕಣ್ಣಿಗೆ ಕಾರ್ಬೊನೇಟ್ ಪೂರ್ತಿ ಕಾಣುತ್ತದೆ. ಫಿನಾಲ್ಫ್ಥಲೀನ್‌ಗೆ ಅರ್ಧ ಮಾತ್ರ ಕಾಣುತ್ತದೆ.

ನಿಮ್ಮ ಎರಡು ರೀಡಿಂಗ್‌ಗಳ ವ್ಯತ್ಯಾಸ 0.70 ಮಿ.ಲೀ. ಇದೇ ಆ ಕಾಣದ ಅರ್ಧ. 0.70 ಮಿ.ಲೀ. ಆಮ್ಲ ಅಂದರೆ 0.070 ಮಿಲಿಮೋಲ್. ಇದು 25 ಮಿ.ಲೀ. ದ್ರಾವಣದಲ್ಲಿ ಇರುವುದರಿಂದ ಕಾರ್ಬೊನೇಟ್ 0.0028 ಮೋಲಾರ್ ಆಯಿತು. ಮೀಥೈಲ್ ಆರೆಂಜ್ ತೋರಿಸಿದ ಒಟ್ಟು ಕ್ಷಾರ 0.0964. ಅದರಲ್ಲಿ ಕಾರ್ಬೊನೇಟ್‌ನ ಪಾಲು ಎರಡರಷ್ಟು, 0.0056. ಉಳಿದ 0.0908 ಮೋಲಾರ್ ನಿಜವಾದ ಸೋಡಿಯಂ ಹೈಡ್ರಾಕ್ಸೈಡ್. ತಾಳೆ ನೋಡಿ: 0.0908ಕ್ಕೆ 0.0028 ಕೂಡಿಸಿದರೆ 0.0936. ನಿಮ್ಮ ಫಿನಾಲ್ಫ್ಥಲೀನ್ ಉತ್ತರವೇ ಬಂತು.

ಇದನ್ನು ಗ್ರಾಂಗೆ ತಿರುಗಿಸೋಣ. 0.0908 ಮೋಲ್ ಹೈಡ್ರಾಕ್ಸೈಡ್ 3.63 ಗ್ರಾಂ. 0.0028 ಮೋಲ್ ಸೋಡಿಯಂ ಕಾರ್ಬೊನೇಟ್ ಸುಮಾರು 0.30 ಗ್ರಾಂ. ಎರಡೂ ಸೇರಿ 3.93. ಉಳಿದ 0.07 ಗ್ರಾಂ ನೀರು. ನೀವು ತೂಗಿದ ನಾಲ್ಕು ಗ್ರಾಂನಲ್ಲಿ ಇದ್ದದ್ದು ಇಷ್ಟು. (0.70 ಮಿ.ಲೀ.ನಲ್ಲಿ ಒಂದು ಹನಿಯಷ್ಟು ಪಾಲು ಕಾರ್ಬೊನೇಟ್‌ನದ್ದಲ್ಲ. ಮೀಥೈಲ್ ಆರೆಂಜ್ ಬದಲಾಗುವಷ್ಟು ಪಿಎಚ್ ಇಳಿಸಲು ಹೆಚ್ಚಾಗಿ ಬೇಕಾಗುವ ಆಮ್ಲ ಅದು. ಈ ಲೆಕ್ಕದ ಮಟ್ಟಿಗೆ ಅದನ್ನು ಬಿಟ್ಟಿದ್ದೇನೆ.) ನಿಮ್ಮ ಗುಳಿಗೆಗಳ ಡಬ್ಬಿ ಹಳೆಯದು, ಹಲವು ಸಲ ತೆರೆದದ್ದು ಅಂತ ಇದರಿಂದಲೇ ಗೊತ್ತಾಗುತ್ತದೆ.

ಹಾಗಾದರೆ ದ್ರಾವಣದ ಸಾಂದ್ರತೆ ಎಷ್ಟು ಅಂತ ಬರೆಯಬೇಕು? ಅದು ದ್ರಾವಣವನ್ನು ನೀವು ಯಾವುದಕ್ಕೆ ಬಳಸುತ್ತೀರಿ ಅನ್ನುವುದರ ಮೇಲಿದೆ. ಕಾರ್ಬೊನೇಟ್ ಬೆರೆತ ದ್ರಾವಣಕ್ಕೆ ಒಂದೇ ಸಾಂದ್ರತೆ ಅಂತ ಇರುವುದಿಲ್ಲ. ಫಿನಾಲ್ಫ್ಥಲೀನ್ ಹಾಕಿ ಕೆಲಸ ಮಾಡುವವರಿಗೆ ಅದು 0.0936. ಮೀಥೈಲ್ ಆರೆಂಜ್ ಹಾಕುವವರಿಗೆ 0.0964. ನಿಮಗೆ ಬೇಕಿರುವುದು ಅಸಿಟಿಕ್ ಆಮ್ಲ. ಅದು ದುರ್ಬಲ ಆಮ್ಲ, ಅದರ ಸಮಾನ ಬಿಂದು (ಆಮ್ಲ, ಕ್ಷಾರ ಸರಿಸಮವಾಗುವ ಹಂತ) ಪಿಎಚ್ 8.7ರ ಆಸುಪಾಸಿನಲ್ಲಿ ಬರುತ್ತದೆ. ಫಿನಾಲ್ಫ್ಥಲೀನ್ ಬಿಟ್ಟು ಬೇರೆ ದಾರಿ ಹುಡುಕುವ ಅಗತ್ಯವಿಲ್ಲ. ಹಾಗಾಗಿ ಸ್ಟ್ಯಾಂಡರ್ಡೈಸ್ ಮಾಡುವುದೂ ಫಿನಾಲ್ಫ್ಥಲೀನ್‌ನಿಂದಲೇ ಆಗಬೇಕು. ನಾನು ಇಲ್ಲಿ ಹೇಳುವುದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ: ಮುಂದೆ ಯಾವ ಇಂಡಿಕೇಟರ್‌ನಲ್ಲಿ ಅಳೆಯುತ್ತೀರೋ ಅದೇ ಇಂಡಿಕೇಟರ್‌ನಲ್ಲಿ, ಅದೇ ಬ್ಯೂರೆಟ್‌ನಲ್ಲಿ (ಕೆಳಗೆ ತಿರುಪು ಇರುವ ಅಳತೆ ಕೊಳವೆ), ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಸ್ಟ್ಯಾಂಡರ್ಡೈಸ್ ಮಾಡಿ. ಎರಡೂ ಕಡೆ ಒಂದೇ ತಪ್ಪು ಇದ್ದರೆ ಬಹುಪಾಲು ಅದು ಹೊಡೆದುಹೋಗುತ್ತದೆ.

ಆದರೂ ಆ ಬಾಟಲಿಯನ್ನು ಬಿಟ್ಟು ಹೊಸದಾಗಿ ಮಾಡಿ ಅಂತಲೇ ನನ್ನ ಸಲಹೆ. ಕಾರಣ ನಿಮ್ಮ ಮೂರನೇ ಪ್ರಶ್ನೆಯಲ್ಲಿದೆ, ಮಾಯವಾಗುವ ಗುಲಾಬಿ ಬಣ್ಣ. ಅದಕ್ಕೆ ಮುಂದೆ ಬರುತ್ತೇನೆ. ಮೊದಲು ದ್ರಾವಣ ಮಾಡುವ ರೀತಿ.

ಕಾರ್ಬೊನೇಟ್ ತೆಗೆಯಲು ಬಹಳ ಸುಲಭವಾದ ಉಪಾಯ ಒಂದಿದೆ. ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಆದರೆ ಅರ್ಧಕ್ಕರ್ಧ ಸೋಡಿಯಂ ಹೈಡ್ರಾಕ್ಸೈಡ್ ಇರುವ ದ್ರಾವಣದಲ್ಲಿ ಅದು ಬಹುತೇಕ ಕರಗುವುದೇ ಇಲ್ಲ. ಅಲ್ಲಿ ಸೋಡಿಯಂ ಅಯಾನುಗಳು ಆಗಲೇ ಕಿಕ್ಕಿರಿದಿರುತ್ತವೆ. ಹಾಗಾಗಿ 50 ಗ್ರಾಂ ಗುಳಿಗೆಯನ್ನು 50 ಮಿ.ಲೀ. ನೀರಿನಲ್ಲಿ ಕರಗಿಸಿ ಇಟ್ಟರೆ ಕಾರ್ಬೊನೇಟ್ ಬಿಳಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಕೆಲವು ದಿನ ಅಲ್ಲಾಡಿಸದೆ ಬಿಡಿ. ಮೇಲೆ ಎಣ್ಣೆಯಂತೆ ದಪ್ಪಗಿರುವ ತಿಳಿ ದ್ರಾವಣ ಸಿಗುತ್ತದೆ. ಅದು ಸುಮಾರು 19 ಮೋಲಾರ್. ತಳದ ಪುಡಿ ಕದಡದಂತೆ ಮಧ್ಯದಿಂದ ಪ್ಲಾಸ್ಟಿಕ್ ಪಿಪೆಟ್‌ನಲ್ಲಿ 5.3 ಮಿ.ಲೀ. ತೆಗೆದು ಒಂದು ಲೀಟರ್ ನೀರಿಗೆ ಬೆರೆಸಿದರೆ 0.1 ಮೋಲಾರ್‌ನ ಹತ್ತಿರ ಬರುತ್ತದೆ.

ಈ ದಪ್ಪ ದ್ರಾವಣದ ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. 40 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಸಾಕಷ್ಟು ನೀರಿನಲ್ಲಿ ಕರಗಿದಾಗ ಸುಮಾರು 44 ಕಿಲೋಜೂಲ್ ಶಾಖ ಹೊರಬರುತ್ತದೆ. ಕಡಿಮೆ ನೀರಿನಲ್ಲಿ ಕರಗಿಸುವಾಗ ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಬೀಕರನ್ನು ತಣ್ಣೀರಿನ ತೊಟ್ಟಿಯಲ್ಲಿ ಇಟ್ಟುಕೊಂಡು, ನೀರಿಗೆ ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಕಿ. ಗುಳಿಗೆಗಳ ಮೇಲೆ ನೀರು ಸುರಿಯಬೇಡಿ. ಕುದ್ದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಶುರು ಮಾಡಲೇಬಾರದು. ಕ್ಷಾರ ಕಣ್ಣಿಗೆ ಆಮ್ಲಕ್ಕಿಂತಲೂ ಅಪಾಯ, ಯಾಕೆಂದರೆ ಅದು ಅಂಗಾಂಶವನ್ನು ಕರಗಿಸುತ್ತಾ ಒಳಕ್ಕೆ ಇಳಿಯುತ್ತದೆ. ಚರ್ಮದ ಮೇಲೆ ಬಿದ್ದರೆ ಜಾರು ಜಾರು ಅನಿಸುತ್ತದೆ. ಆ ಜಾರುವಿಕೆ ಹೋಗುವವರೆಗೂ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ತೊಳೆಯುತ್ತಾ ಇರಬೇಕು, ಆಮೇಲೆ ತಡಮಾಡದೆ ವೈದ್ಯರ ಹತ್ತಿರ ಹೋಗಬೇಕು. ಆಮ್ಲ ಹಾಕಿ ಸರಿದೂಗಿಸಲು ಯಾವತ್ತೂ ಹೋಗಬೇಡಿ.

ದಪ್ಪ ದ್ರಾವಣ ಇಟ್ಟುಕೊಳ್ಳಲು ಅನುಕೂಲ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಕಾರ್ಬೊನೇಟ್ ಇರುವುದು ಹೆಚ್ಚಾಗಿ ಗುಳಿಗೆಯ ಮೈಮೇಲೆ. ಐದು ಗ್ರಾಂನಷ್ಟು ಗುಳಿಗೆ ತೆಗೆದುಕೊಂಡು, ಸ್ವಲ್ಪ ತಣ್ಣೀರಿಗೆ ಹಾಕಿ ಥಟ್ಟನೆ ಒಮ್ಮೆ ಅಲ್ಲಾಡಿಸಿ, ಆ ನೀರನ್ನು ಚೆಲ್ಲಿ, ಉಳಿದದ್ದನ್ನು ಕರಗಿಸಿ. ಪೂರ್ತಿ ಹೋಗುವುದಿಲ್ಲ, ಆದರೆ ಬಹಳ ಕಡಿಮೆಯಾಗುತ್ತದೆ.

ನೀರಿನಲ್ಲೂ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಗಾಳಿಗೆ ತೆರೆದಿಟ್ಟ ಡಿಸ್ಟಿಲ್ಡ್ ವಾಟರ್‌ನ ಪಿಎಚ್ 7 ಇರುವುದಿಲ್ಲ, 5.6ರ ಹತ್ತಿರ ಇರುತ್ತದೆ. ಐದು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿ ತಣ್ಣಗೆ ಮಾಡಿದ ನೀರನ್ನೇ ಬಳಸಿ. 0.1 ಮೋಲಾರ್ ದ್ರಾವಣಕ್ಕೆ ಇದರಿಂದ ಆಗುವ ವ್ಯತ್ಯಾಸ ಬಹಳ ಚಿಕ್ಕದು. 0.01 ಮೋಲಾರ್ ಮಾಡುವಾಗ ಅದೇ ವ್ಯತ್ಯಾಸ ಹತ್ತು ಪಟ್ಟಾಗುತ್ತದೆ. ಜೊತೆಗೆ ಟೈಟ್ರೇಶನ್ ಫ್ಲಾಸ್ಕ್‌ಗೆ ಹಾಕುವ ನೀರಿಗೂ ಇದು ಅನ್ವಯಿಸುತ್ತದೆ. ಅಲ್ಲಿ ಮರೆಯುವವರೇ ಜಾಸ್ತಿ.

ಇಷ್ಟೆಲ್ಲಾ ಆದ ಮೇಲೆ ವಾಲ್ಯೂಮೆಟ್ರಿಕ್ ಫ್ಲಾಸ್ಕ್ ಬೇಕಾ? ಬೇಡ. ಒಂದು ಲೀಟರಿನ ಅಳತೆ ಜಾಡಿ ಸಾಕು. ಗುಳಿಗೆ ತೂಗಲು ಸಾಧಾರಣ ತಕ್ಕಡಿ ಸಾಕು. ಸಾಂದ್ರತೆಯನ್ನು ನಾವು ಹೇಗೂ ಅಳೆದೇ ತಿಳಿಯುವುದರಿಂದ ಇಲ್ಲಿ ನಾಲ್ಕನೇ ದಶಾಂಶಕ್ಕಾಗಿ ಕಷ್ಟಪಡುವುದು ಸುಮ್ನೆ ಶ್ರಮ. ನೀವು 4.000 ಮಾಡಲು ಒಂದೊಂದೇ ಗುಳಿಗೆ ಹಾಕಿ ತೆಗೆದು ಹೊತ್ತು ಕಳೆದಷ್ಟೂ ಅದು ನೀರು ಎಳೆದುಕೊಳ್ಳುತ್ತಾ ಇತ್ತು. ಮಿಲಿಗ್ರಾಂ ತೂಗುವ ತಕ್ಕಡಿಯ ತಟ್ಟೆಗೂ ಸೋಡಿಯಂ ಹೈಡ್ರಾಕ್ಸೈಡ್ ಒಳ್ಳೆಯದಲ್ಲ. ದ್ರಾವಣವನ್ನು ಮಾತ್ರ ಬಾಟಲಿಯಲ್ಲಿ ತುಂಬಾ ಚೆನ್ನಾಗಿ ಕಲಕಿ. ದಪ್ಪ ಕ್ಷಾರ ಭಾರ, ತಳದಲ್ಲೇ ಕುಳಿತಿರುತ್ತದೆ. ಸರಿಯಾಗಿ ಬೆರೆಯದ ಬಾಟಲಿಯಿಂದ ಒಂದಕ್ಕೊಂದು ಹೊಂದುವ ರೀಡಿಂಗ್ ಎಂದೂ ಸಿಗುವುದಿಲ್ಲ.

ನಿಖರತೆ ಬೇಕಿರುವುದು ಕೆಎಚ್‌ಪಿ ತೂಗುವಾಗ. ಇದರ ಪೂರ್ತಿ ಹೆಸರು ಪೊಟ್ಯಾಸಿಯಂ ಹೈಡ್ರೋಜನ್ ಥಾಲೇಟ್. ಒಣ ಹರಳು. ಶುದ್ಧವಾಗಿ ಸಿಗುತ್ತದೆ. ಗಾಳಿಯ ತೇವವನ್ನು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಮೋಲಾರ್ ತೂಕ 204.22. ಅಣುವಿಗೆ ಒಂದೇ ಪ್ರೋಟಾನ್ ಕೊಡುತ್ತದೆ, ಹಾಗಾಗಿ ಲೆಕ್ಕ ನೇರ. ತೂಕ ಜಾಸ್ತಿ ಇರುವುದೂ ಒಂದು ಅನುಕೂಲ. 25 ಮಿ.ಲೀ. 0.1 ಮೋಲಾರ್ ಕ್ಷಾರಕ್ಕೆ ಸುಮಾರು 0.51 ಗ್ರಾಂ ಬೇಕು. ತಕ್ಕಡಿಯಲ್ಲಿ 0.2 ಮಿಲಿಗ್ರಾಂ ತಪ್ಪಿದರೂ ಅದು 0.04 ಪ್ರತಿಶತ ಮಾತ್ರ.

ಕೆಲವು ಕಡೆ ಆಕ್ಸಾಲಿಕ್ ಆಮ್ಲ ಬಳಸುತ್ತಾರೆ. ಅದೂ ಆಗುತ್ತದೆ. ಮೋಲಾರ್ ತೂಕ 126.07, ಅಣುವಿಗೆ ಎರಡು ಪ್ರೋಟಾನ್. ಆದರೆ 25 ಮಿ.ಲೀ.ಗೆ ಬೇಕಾಗುವುದು 0.16 ಗ್ರಾಂ ಮಾತ್ರ, ಅದೇ 0.2 ಮಿಲಿಗ್ರಾಂ ಇಲ್ಲಿ 0.13 ಪ್ರತಿಶತದ ತಪ್ಪಾಗುತ್ತದೆ. ಅದಕ್ಕೇ ಸುಮಾರು 1.6 ಗ್ರಾಂ ತೂಗಿ 250 ಮಿ.ಲೀ. ಮಾಡಿ, ಅದರಿಂದ 25 ಮಿ.ಲೀ. ಪಿಪೆಟ್ ಮಾಡುವುದು. ಇನ್ನೊಂದು ತೊಂದರೆ ಎಂದರೆ ಅದರ ಹರಳಿನಲ್ಲಿ ಎರಡು ನೀರಿನ ಅಣುಗಳಿವೆ. ಅದನ್ನು ಓವನ್‌ನಲ್ಲಿ ಒಣಗಿಸಿದರೆ ಆ ನೀರು ಹೋಗಿ ಲೆಕ್ಕವೇ ಕೆಡುತ್ತದೆ. ಕೆಎಚ್‌ಪಿ ಸಿಗುವುದಾದರೆ ಅದನ್ನೇ ಹಿಡಿಯಿರಿ.

ಕೆಎಚ್‌ಪಿಯನ್ನು ಮಾತ್ರ ಒಣಗಿಸಲೇಬೇಕು. ಹರಳು ದಪ್ಪಗಿದ್ದರೆ ಮೆತ್ತಗೆ ಪುಡಿ ಮಾಡಿ, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಡಿ. 120 ದಾಟಿಸಬೇಡಿ. ಜಾಸ್ತಿ ಕಾಯಿಸಿದರೆ ಅದು ಒಡೆಯಲು ಶುರುವಾಗುತ್ತದೆ. ಡೆಸಿಕೇಟರ್‌ನಲ್ಲಿ (ಒಳಗೆ ತೇವ ಬರದ ಮುಚ್ಚಿದ ಪಾತ್ರೆ) ಪೂರ್ತಿ ತಣ್ಣಗಾದ ಮೇಲೆ ತೂಗಿ. ಬಿಸಿ ಬಾಟಲಿಯ ಸುತ್ತ ಗಾಳಿ ಮೇಲೇಳುವುದರಿಂದ ತಕ್ಕಡಿ ಕಡಿಮೆ ತೋರಿಸುತ್ತದೆ. ತೂಗುವ ಬಾಟಲಿಯನ್ನು ಮೊದಲು ತೂಗಿ, ಫ್ಲಾಸ್ಕ್‌ಗೆ ಸ್ವಲ್ಪ ಸುರಿದು, ಮತ್ತೆ ತೂಗಿ. ಎರಡರ ವ್ಯತ್ಯಾಸವೇ ಫ್ಲಾಸ್ಕ್‌ಗೆ ಬಿದ್ದ ತೂಕ. ಸರಿಯಾಗಿ 0.5100 ಬರಬೇಕೆಂಬ ಹಟ ಬೇಡ. 0.48ರಿಂದ 0.54ರ ಒಳಗೆ ಎಷ್ಟಾದರೂ ಸರಿ, ಆದರೆ ಎಷ್ಟೆಂದು ನಾಲ್ಕು ದಶಾಂಶದವರೆಗೆ ಗೊತ್ತಿರಬೇಕು. ಪ್ರತಿ ಟೈಟ್ರೇಶನ್‌ಗೂ ಬೇರೆ ಬೇರೆ ತೂಗಿ. ಒಂದೇ ತೂಕದ ದ್ರಾವಣದಿಂದ ಮೂರು ಸಲ ಪಿಪೆಟ್ ಮಾಡಿದರೆ ತೂಗುವಾಗಿನ ತಪ್ಪು ಮೂರೂ ಸಲ ಒಂದೇ ಆಗಿ ಅಡಗಿ ಕೂರುತ್ತದೆ.

ಕುದಿಸಿ ಆರಿಸಿದ ನೀರು 50 ಮಿ.ಲೀ. ಹಾಕಿ ಕರಗಿಸಿ. ಕೆಎಚ್‌ಪಿ ನಿಧಾನವಾಗಿ ಕರಗುತ್ತದೆ, ಅವಸರ ಮಾಡಬೇಡಿ. ಫ್ಲಾಸ್ಕ್‌ನ ಗೋಡೆಗೆ ಅಂಟಿದ ಒಂದೆರಡು ಹರಳು ಉಳಿದರೆ, ಎಂಡ್ ಪಾಯಿಂಟ್ ಬಂದ ಮೇಲೆ ಅವು ಕರಗಿ ಬಣ್ಣ ಅಳಿಸುತ್ತವೆ. ನಿಮ್ಮ ಬಣ್ಣ ಮಾಯವಾಗಲು ಇದೂ ಒಂದು ಕಾರಣ ಇರಬಹುದು. ಬೆಳಕಿಗೆ ಹಿಡಿದು ನೋಡಿ. ನಂತರ ಫಿನಾಲ್ಫ್ಥಲೀನ್ ಎರಡು ಹನಿ. ಪ್ರತಿ ಸಲವೂ ಎರಡೇ ಹನಿ, ಯಾಕೆಂದರೆ ಇಂಡಿಕೇಟರ್ ತಾನೂ ಒಂದು ದುರ್ಬಲ ಆಮ್ಲ.

ಇಲ್ಲಿ ಮೀಥೈಲ್ ಆರೆಂಜ್ ಕೆಲಸಕ್ಕೆ ಬರುವುದೇ ಇಲ್ಲ. ಕೆಎಚ್‌ಪಿ ದ್ರಾವಣದ ಪಿಎಚ್ ಶುರುವಿನಲ್ಲೇ 4. ಪಿಎಚ್ ಮೀಟರ್ ಸರಿಹೊಂದಿಸಲು ಬಳಸುವ 4ರ ಬಫರ್ ಇದೇ ಉಪ್ಪಿನಿಂದ ಮಾಡಿದ್ದು. ಒಂದು ಹನಿ ಕ್ಷಾರ ಬೀಳುವ ಮೊದಲೇ ಮೀಥೈಲ್ ಆರೆಂಜ್ ಬಣ್ಣ ಬದಲಾಗುವ ಜಾಗದಲ್ಲಿ ಇರುತ್ತದೆ. ಕೆಎಚ್‌ಪಿಯ ಸಮಾನ ಬಿಂದು ಪಿಎಚ್ 9ರ ಹತ್ತಿರ. ಫಿನಾಲ್ಫ್ಥಲೀನ್ 8.3ರಿಂದ 10ರ ನಡುವೆ ಗುಲಾಬಿಯಾಗುತ್ತದೆ. 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ಇದನ್ನು ಮೊದಲು ತಯಾರಿಸಿದ್ದು. ಬಣ್ಣವೇ ಇಲ್ಲದ ದ್ರಾವಣದಲ್ಲಿ ಬಣ್ಣ ಹುಟ್ಟುವುದನ್ನು ಕಣ್ಣು ಬೇಗ ಗುರುತಿಸುತ್ತದೆ. ಅದಕ್ಕೇ ಕ್ಷಾರ ಬ್ಯೂರೆಟ್‌ನಲ್ಲಿ, ಆಮ್ಲ ಫ್ಲಾಸ್ಕ್‌ನಲ್ಲಿ ಇರಬೇಕು. ನೀವು ಮೊದಲು ಮಾಡಿದಂತೆ ಗುಲಾಬಿಯಿಂದ ಬಣ್ಣವಿಲ್ಲದ ಕಡೆಗೆ ಹೋದರೆ ಕೊನೆಯ ಹನಿ ಯಾವುದು ಅನ್ನುವುದು ಮಸುಕಾಗಿಯೇ ಉಳಿಯುತ್ತದೆ.

ಬ್ಯೂರೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ತೊಳೆದ ಬ್ಯೂರೆಟ್‌ನಲ್ಲಿ ನೀರು ಉಳಿದಿರುತ್ತದೆ, ಹಾಗಾಗಿ ಅದೇ ಕ್ಷಾರದಿಂದ ಎರಡು ಮೂರು ಸಲ ಜಾಲಾಡಿಸಿ ಚೆಲ್ಲಿ. ಫ್ಲಾಸ್ಕ್ ಒದ್ದೆ ಇದ್ದರೆ ಚಿಂತೆಯಿಲ್ಲ. ಅದರಲ್ಲಿ ಎಷ್ಟು ಮೋಲ್ ಕೆಎಚ್‌ಪಿ ಇದೆ ಅನ್ನುವುದು ನೀರಿನಿಂದ ಬದಲಾಗುವುದಿಲ್ಲ. ತುಂಬಿದ ಮೇಲೆ ಫನೆಲ್ ತೆಗೆದುಬಿಡಿ, ಅದರಿಂದ ಒಂದು ಹನಿ ತಡವಾಗಿ ಬಿದ್ದರೂ ಲೆಕ್ಕ ತಪ್ಪುತ್ತದೆ. ಕೆಳಗಿನ ತುದಿಯಲ್ಲಿ ಗಾಳಿಗುಳ್ಳೆ ಇದೆಯಾ ನೋಡಿ. ಇದ್ದರೆ ತಿರುಪನ್ನು ಪೂರ್ತಿ ತೆರೆದು ರಭಸವಾಗಿ ಹರಿಯಬಿಡಿ. ಟೈಟ್ರೇಶನ್ ನಡುವೆ ಆ ಗುಳ್ಳೆ ಹೊರಬಿದ್ದರೆ ಫ್ಲಾಸ್ಕ್‌ಗೆ ಬೀಳದ ಕ್ಷಾರವೂ ರೀಡಿಂಗ್‌ಗೆ ಸೇರಿರುತ್ತದೆ. ಮೆನಿಸ್ಕಸ್‌ನ (ದ್ರವದ ಬಾಗಿದ ಮೇಲ್ಮೈ) ಕೆಳಗಿನ ಅಂಚನ್ನು ಕಣ್ಣಿನ ನೇರಕ್ಕೆ ತಂದುಕೊಂಡು, ಹಿಂದೆ ಅರ್ಧ ಕಪ್ಪು ಬಣ್ಣದ ರಟ್ಟು ಹಿಡಿದು ಓದಿ. 50 ಮಿ.ಲೀ. ಬ್ಯೂರೆಟ್‌ನಲ್ಲಿ ಗೆರೆಗಳು 0.1 ಮಿ.ಲೀ.ಗೊಂದು. ನಡುವಿನದನ್ನು ಅಂದಾಜು ಮಾಡಿ 0.01 ಅಥವಾ 0.02ರವರೆಗೆ ಬರೆಯಿರಿ. ಶುರುವಿನ ರೀಡಿಂಗ್ ಸೊನ್ನೆಯೇ ಆಗಬೇಕಿಲ್ಲ. 0.34 ಇದ್ದರೆ 0.34 ಅಂತ ಬರೆಯಿರಿ.

ಮೊದಲ 22, 23 ಮಿ.ಲೀ. ಬೇಗ ಬಿಡಬಹುದು. ಹನಿ ಬಿದ್ದ ಜಾಗದ ಗುಲಾಬಿ ಅಳಿಯಲು ಹೊತ್ತು ಹಿಡಿಯಲು ಶುರುವಾದರೆ ನಿಧಾನ ಮಾಡಿ. ಫ್ಲಾಸ್ಕ್‌ನ ಗೋಡೆಯನ್ನು ವಾಶ್ ಬಾಟಲಿಯ ನೀರಿನಿಂದ ಒಮ್ಮೆ ತೊಳೆದು ಕೆಳಗಿಳಿಸಿ. ಒಂದು ಹನಿ ಸುಮಾರು 0.05 ಮಿ.ಲೀ. 25ರಲ್ಲಿ ಅದು 0.2 ಪ್ರತಿಶತ, ಕಡಿಮೆ ಏನಲ್ಲ. ಹಾಗಾಗಿ ಕೊನೆಯಲ್ಲಿ ಅರ್ಧ ಹನಿ ಬಿಡುವುದನ್ನು ರೂಢಿ ಮಾಡಿಕೊಳ್ಳಿ: ತುದಿಯಲ್ಲಿ ಹನಿ ಪೂರ್ತಿ ತುಂಬುವ ಮೊದಲೇ ಫ್ಲಾಸ್ಕ್‌ನ ಒಳಗೋಡೆಗೆ ತಾಗಿಸಿ, ನೀರಿನಿಂದ ತೊಳೆದು ಇಳಿಸುವುದು. ಬಿಳಿ ಕಾಗದದ ಮೇಲೆ ಇಟ್ಟು ನೋಡಿದಾಗ ಇದೆಯೋ ಇಲ್ಲವೋ ಅನ್ನಿಸುವಷ್ಟು ತಿಳಿ ಗುಲಾಬಿ ಸಾಕು. ಕಡು ಗುಲಾಬಿ ಬಂದರೆ ದಾಟಿದಿರಿ ಎಂದೇ ಅರ್ಥ.

ಈಗ ಬಣ್ಣ ಮಾಯವಾಗುವ ವಿಷಯ. ತಿಳಿ ಗುಲಾಬಿ 30 ಸೆಕೆಂಡ್ ನಿಂತರೆ ಅದೇ ಎಂಡ್ ಪಾಯಿಂಟ್. ರೀಡಿಂಗ್ ಬರೆದುಬಿಡಿ. ಆಮೇಲೆ ಮಾಯವಾದರೆ ಹನಿ ಹಾಕಬೇಡಿ. ನೀವು ಫ್ಲಾಸ್ಕ್ ತಿರುಗಿಸುತ್ತಾ ಇರುವಾಗ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಕರಗುತ್ತಾ ಪಿಎಚ್ ಇಳಿಸುತ್ತದೆ. ಬಣ್ಣ ಹೋಗುವುದು ಸಹಜ. ಹನಿ ಹಾಕುತ್ತಾ ಹೋದರೆ ಗಾಳಿಯನ್ನೇ ಟೈಟ್ರೇಟ್ ಮಾಡಿದಂತಾಗುತ್ತದೆ.

ಆದರೆ ಐದು ಹತ್ತು ಸೆಕೆಂಡಿಗೇ ಬಣ್ಣ ಹೋಗುತ್ತಿದ್ದರೆ ಅದು ಬೇರೆ ಕಥೆ. ಕೆಎಚ್‌ಪಿ ಪೂರ್ತಿ ಕರಗಿಲ್ಲ, ಇಲ್ಲವೇ ಎಂಡ್ ಪಾಯಿಂಟ್ ಇನ್ನೂ ಬಂದಿಲ್ಲ, ಅದೂ ಇಲ್ಲವೇ ಕಾರ್ಬೊನೇಟ್ ಇದೆ. ಮೂರನೆಯದು ಹೀಗೆ ನಡೆಯುತ್ತದೆ: ಬ್ಯೂರೆಟ್‌ನಿಂದ ಬಂದ ಕಾರ್ಬೊನೇಟ್ ಫ್ಲಾಸ್ಕ್‌ನ ಆಮ್ಲದಲ್ಲಿ ಕಾರ್ಬನ್ ಡೈಆಕ್ಸೈಡ್ ಆಗಿ ಕರಗಿಕೊಂಡಿರುತ್ತದೆ. ಎಂಡ್ ಪಾಯಿಂಟ್ ಹತ್ತಿರ ಬಂದಾಗ ಅದು ಹೈಡ್ರಾಕ್ಸೈಡ್ ಜೊತೆ ಸೇರಿ ಬೈಕಾರ್ಬೊನೇಟ್ ಆಗಬೇಕು. ಬೇರೆ ಆಮ್ಲಗಳು ಕ್ಷಾರದ ಜೊತೆ ಕ್ಷಣದಲ್ಲಿ ಸೇರಿದರೆ ಇದು ನಿಧಾನವಾಗಿ ಸೇರುತ್ತದೆ. ಗುಲಾಬಿ ಬಂತು ಅಂದುಕೊಂಡು ಕೈ ನಿಲ್ಲಿಸುತ್ತೀರಿ, ಅಷ್ಟರಲ್ಲಿ ಅದು ಆ ಕ್ಷಾರವನ್ನು ತೆಗೆದುಕೊಳ್ಳುತ್ತದೆ. ಜೊತೆಗೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಗಾಳಿಗೂ ಹಾರಿಹೋಗಿರುತ್ತದೆ. ಎಷ್ಟು ಹಾರಿತು ಅನ್ನುವುದು ನೀವು ಎಷ್ಟು ಜೋರಾಗಿ ಕಲಕಿದಿರಿ ಅನ್ನುವುದರ ಮೇಲೆ. ಹಾಗಾಗಿ ಒಂದೊಂದು ಸಲ ಒಂದೊಂದು ಉತ್ತರ. ಒಂದೇ ಇಂಡಿಕೇಟರ್ ಬಳಸಿದರೂ ಕಾರ್ಬೊನೇಟ್‌ನ ತಪ್ಪು ಪೂರ್ತಿ ಹೊಡೆದುಹೋಗದೇ ಇರುವುದು ಇದರಿಂದಲೇ. ಹೊಸ ದ್ರಾವಣ ಮಾಡಿ ಅಂದದ್ದೂ ಇದಕ್ಕೇ.

ಅದೇ 50 ಮಿ.ಲೀ. ನೀರಿಗೆ ಬರೀ ಇಂಡಿಕೇಟರ್ ಹಾಕಿ ಅದೇ ಗುಲಾಬಿ ಬರಲು ಎಷ್ಟು ಕ್ಷಾರ ಬೇಕು ಅಂತಲೂ ನೋಡಿ. ಅದು ಬ್ಲ್ಯಾಂಕ್. ಒಂದು ಹನಿಯೊಳಗೆ ಇರಬೇಕು. ಅದನ್ನು ಪ್ರತಿ ರೀಡಿಂಗ್‌ನಿಂದ ಕಳೆಯಿರಿ. ಎರಡು ಮೂರು ಹನಿ ಹಿಡಿದರೆ ನೀರು ಸರಿಯಾಗಿ ಕುದ್ದಿಲ್ಲ.

ಲೆಕ್ಕ ಬಹಳ ಸುಲಭ. ಕೆಎಚ್‌ಪಿಯ ಗ್ರಾಂ ಅನ್ನು 204.22ರಿಂದ ಭಾಗಿಸಿ, ಬ್ಯೂರೆಟ್‌ನ ಲೀಟರ್‌ನಿಂದ ಭಾಗಿಸಿದರೆ ಮೋಲಾರ್ ಸಾಂದ್ರತೆ. ಒಂದು ಉದಾಹರಣೆ ನೋಡೋಣ, ಬ್ಲ್ಯಾಂಕ್ ಕಳೆದ ಮೇಲಿನ ಸಂಖ್ಯೆಗಳು ಇವು ಅಂದುಕೊಳ್ಳಿ. 0.5124 ಗ್ರಾಂಗೆ 24.85 ಮಿ.ಲೀ. ಹಿಡಿದರೆ 0.10097. 0.4987 ಗ್ರಾಂಗೆ 24.20 ಹಿಡಿದರೆ 0.10091. 0.5266 ಗ್ರಾಂಗೆ 25.55 ಹಿಡಿದರೆ 0.10092. ಸರಾಸರಿ 0.1009 ಮೋಲಾರ್. ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ 0.06 ಪ್ರತಿಶತ. ಕೈ ಪಳಗಿದ ಮೇಲೆ 0.1 ಪ್ರತಿಶತದೊಳಗೆ ಬರಬೇಕು. ಮೊದಮೊದಲು 0.2 ಬಂದರೂ ಒಪ್ಪಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ನಾಲ್ಕನೆಯದನ್ನು ಮಾಡಿ. ಮೂರರಲ್ಲಿ ಹೊಂದದ ಒಂದನ್ನು ಕಾರಣವಿಲ್ಲದೆ ಬಿಡಬೇಡಿ. ಹರಳು ಚೆಲ್ಲಿತ್ತು, ಎಂಡ್ ಪಾಯಿಂಟ್ ದಾಟಿತ್ತು ಅಂತ ಆಗಲೇ ಬರೆದಿಟ್ಟಿದ್ದರೆ ಮಾತ್ರ ಬಿಡಬಹುದು.

ದ್ರಾವಣವನ್ನು ಪಾಲಿಥೀನ್ ಬಾಟಲಿಯಲ್ಲಿ ಇಡಿ. ಕ್ಷಾರ ಗಾಜನ್ನು ನಿಧಾನವಾಗಿ ತಿನ್ನುತ್ತದೆ, ಗಾಜಿನ ಬಿರಡೆಯನ್ನಂತೂ ಬಾಟಲಿಗೆ ಅಂಟಿಸಿಯೇ ಬಿಡುತ್ತದೆ. ಬ್ಯೂರೆಟ್‌ಗೂ ಟೆಫ್ಲಾನ್ ತಿರುಪು ಇರುವುದು ಒಳ್ಳೆಯದು. ಮುಚ್ಚಳ ತೆರೆದಿಡಬೇಡಿ. ಒಂದು ಲೀಟರ್ ದ್ರಾವಣ ಬರೀ 0.1 ಗ್ರಾಂ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡರೆ ಅದರಲ್ಲಿರುವ ಹೈಡ್ರಾಕ್ಸೈಡ್‌ನ 4.5 ಪ್ರತಿಶತ ಹೋಯಿತು. ಅಷ್ಟು ಕಾರ್ಬನ್ ಡೈಆಕ್ಸೈಡ್ ಸುಮಾರು 130 ಲೀಟರ್ ಗಾಳಿಯಲ್ಲಿ ಇರುತ್ತದೆ, ಒಂದು ದೊಡ್ಡ ಡ್ರಮ್‌ನಷ್ಟೂ ಅಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಫಲಿತಾಂಶಗಳು ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಮೇಲೇರುತ್ತಿದ್ದವು. ಮಾದರಿಗಳಲ್ಲಿ ಆಮ್ಲ ಹೆಚ್ಚುತ್ತಿದೆ ಅಂದುಕೊಂಡು ಬಹಳ ದಿನ ಹುಡುಕಿದೆವು. ಹೆಚ್ಚುತ್ತಿದ್ದದ್ದು ಆಮ್ಲವಲ್ಲ. ಕ್ಷಾರ ದುರ್ಬಲವಾಗುತ್ತಾ ಹೋಗಿ ಬ್ಯೂರೆಟ್‌ನಿಂದ ಜಾಸ್ತಿ ಇಳಿಯುತ್ತಿತ್ತು, ನಾವು ಹಳೆಯ ಸಾಂದ್ರತೆಯಲ್ಲೇ ಲೆಕ್ಕ ಹಾಕುತ್ತಿದ್ದೆವು. ದೊಡ್ಡ ಬಾಟಲಿಯ ಗಾಳಿಕೊಳವೆಗೆ, ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ತುಂಬಿದ ನಳಿಕೆ ಹಾಕಿದ ಮೇಲೆ ಅದು ನಿಂತಿತು. ಅಂದಿನಿಂದ ನಾನು ಪ್ರತಿ ವಾರ ಒಮ್ಮೆ, ಮುಖ್ಯ ಕೆಲಸ ಇದ್ದರೆ ಅದೇ ದಿನ ಬೆಳಗ್ಗೆ, ಮತ್ತೆ ಸ್ಟ್ಯಾಂಡರ್ಡೈಸ್ ಮಾಡುತ್ತೇನೆ.

ತಾಪಮಾನವನ್ನೂ ಗಮನಿಸಿ. ಗಾಜಿನ ಅಳತೆಗಳ ಗೆರೆ ಸಾಮಾನ್ಯವಾಗಿ 20 ಡಿಗ್ರಿಗೆ ಹಾಕಿದ್ದು. ನೀರು 20ರಿಂದ 30 ಡಿಗ್ರಿಗೆ ಹೋದರೆ ಸುಮಾರು 0.25 ಪ್ರತಿಶತ ಹಿಗ್ಗುತ್ತದೆ. ನಿಮ್ಮ ಮೂರು ಟೈಟ್ರೇಶನ್‌ಗಳ ಅಂತರಕ್ಕಿಂತ ಇದೇ ದೊಡ್ಡದು. ಸ್ಟ್ಯಾಂಡರ್ಡೈಸ್ ಮಾಡುವಾಗಲೂ ಮಾದರಿ ಅಳೆಯುವಾಗಲೂ ಕೋಣೆ ಒಂದೇ ತಾಪಮಾನದಲ್ಲಿ ಇದ್ದರೆ ತೊಂದರೆಯಿಲ್ಲ.

ಬಾಟಲಿಯ ಲೇಬಲ್ ಮೇಲೆ 0.1 ಮೋಲಾರ್ ಅಂತಷ್ಟೇ ಬರೆಯಬೇಡಿ. ಸೋಡಿಯಂ ಹೈಡ್ರಾಕ್ಸೈಡ್, ಅಳೆದು ಬಂದ ಸಾಂದ್ರತೆ, ಕೆಎಚ್‌ಪಿಯಿಂದ, ಫಿನಾಲ್ಫ್ಥಲೀನ್‌ನಲ್ಲಿ, ಯಾವ ದಿನ, ಎಷ್ಟು ಡಿಗ್ರಿಯಲ್ಲಿ ಅಂತ ಎಲ್ಲವೂ ಇರಲಿ. ಕೆಲಸ ಮುಗಿದ ಕೂಡಲೇ ಬ್ಯೂರೆಟ್‌ನಲ್ಲಿ ಉಳಿದ ಕ್ಷಾರವನ್ನು ಚೆಲ್ಲಿ, ಬಾಟಲಿಗೆ ವಾಪಸ್ ಸುರಿಯಬೇಡಿ. ನೀರಿನಿಂದ ನಾಲ್ಕೈದು ಸಲ ತೊಳೆದು, ತಿರುಪು ತೆರೆದು, ತಲೆಕೆಳಗಾಗಿ ಸ್ಟ್ಯಾಂಡ್‌ಗೆ ಸಿಕ್ಕಿಸಿ ಇಡಿ.